ಕೋಲಣ್ಣ ಎತ್ತಿದ ಮೂರು ಅಂಗುಲ

ಅವನ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವನು ಕೋಲಣ್ಣ. ನಗರಸಭೆಯ ಅಳತೆ ವಿಭಾಗದಲ್ಲಿ ಮಟ್ಟದ ಕೋಲು ಹಿಡಿದು ನಿಲ್ಲುವುದೇ ಅವನ ನೌಕರಿ. ನೀವೂ ನೋಡಿರುತ್ತೀರಿ: ರಸ್ತೆಯ ಆ ತುದಿಯಲ್ಲಿ ಸರ್ವೇಯರ್ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನಿಟ್ಟು ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿರುತ್ತಾನೆ, ಈ ತುದಿಯಲ್ಲಿ ಇನ್ನೊಬ್ಬ ಗೀಟು ಹಾಕಿದ ಉದ್ದನೆಯ ಕೋಲನ್ನು ನೆಟ್ಟಗೆ ಹಿಡಿದು ನಿಂತಿರುತ್ತಾನೆ. ಹೋಗಿ ಬರುವವರೆಲ್ಲ ನಿಂತು ನೋಡುವುದು ದುರ್ಬೀನಿನವನನ್ನು. ಕೋಲಿನವನನ್ನು ಯಾರು ನೋಡುತ್ತಾರೆ? ದುರ್ಬೀನಿನವನೂ ನೋಡುವುದಿಲ್ಲ. ಅವನಿಗೆ ಕಾಣುವುದು ಕೋಲಿನ ಮೇಲಿನ ಅಂಕಿ ಅಷ್ಟೇ.

ಹಾಗೆ ನಿಂತು ನಿಂತು ಕೋಲಣ್ಣನಿಗೆ ಮೂವತ್ತೊಂದು ವರ್ಷ ಕಳೆದಿತ್ತು. ಜೊತೆಯವನು ಯಾವಾಗಲೂ ಅರವತ್ತು ಮೀಟರ್ ಆಚೆ, ಮಾತೆಲ್ಲ ಕೈಸನ್ನೆಯಲ್ಲಿ. ಎಡಗೈ ಚಾಚಿದರೆ ಕೋಲು ಎಡಕ್ಕೆ ವಾಲಿಸು, ಎರಡೂ ಕೈ ಮೇಲೆತ್ತಿದರೆ ಆಯಿತು, ಮುಂದಕ್ಕೆ ಹೋಗು. ಬೆಳಗಿನಿಂದ ಸಂಜೆಯ ತನಕ ಬಾಯಿ ಬಿಚ್ಚುವ ಪ್ರಮೇಯವೇ ಇಲ್ಲ. ಮನೆಗೆ ಹೋದರೆ ಅಲ್ಲೂ ಅದೇ ಪಾಡು. ಪಂಪ್ ರಿಪೇರಿ ಅಂಗಡಿಯ ಮೇಲೆ ಒಂದು ಬಾಡಿಗೆ ರೂಮು, ಒಂದು ಮಂಚ, ಒಂದು ಸ್ಟವ್, ಒಂದೇ ಕುರ್ಚಿ. ಎರಡನೇ ಕುರ್ಚಿ ತಂದು ಯಾರನ್ನು ಕೂರಿಸಬೇಕು? ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ "ಟೈಮ್ ಆಗ್ಲಿಲ್ಲ" ಎನ್ನುತ್ತಿದ್ದ. ಮೂವತ್ತೊಂದು ವರ್ಷ ಟೈಮ್ ಆಗಲಿಲ್ಲವಂತೆ ಪುಣ್ಯಾತ್ಮನಿಗೆ! ನಿಜ ಹೇಳಬೇಕೆಂದರೆ ಅವನಿಗೆ ಕೇಳಲು ಬರುತ್ತಿರಲಿಲ್ಲ. ಏನೇ ಬೇಕಿದ್ದರೂ ಬಾಯಿಬಿಟ್ಟು ಕೇಳುವ ಜಾಯಮಾನ ಅವನದಲ್ಲ. ಬಸ್ಸಿನಲ್ಲಿ ಸ್ಟಾಪ್ ದಾಟಿಹೋದರೂ ಸುಮ್ಮನೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬರುತ್ತಿದ್ದ.

ಟೈಲರಮ್ಮನ ಪರಿಚಯವಾದದ್ದೂ ಅವನು ಮಾತಾಡಿಸಿದ್ದರಿಂದಲ್ಲ, ಅಂಗಿಯಿಂದ. ಆಕೆ ಗಂಡ ತೀರಿಹೋದ ಹೆಂಗಸು, ಐವತ್ತರ ಆಸುಪಾಸು. ಹಳ್ಳದ ದಂಡೆಯ ಬಡಾವಣೆಯಲ್ಲಿ ಸ್ವಂತ ಮನೆ, ಮುಂದಿನ ಕೋಣೆಯಲ್ಲೇ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಗಳ ಯೂನಿಫಾರಂ ಹೊಲಿಯುತ್ತಿದ್ದಳು. ತೇಪೆ ಹಾಕಿಸಲು ಕೊಟ್ಟಿದ್ದ ಅಂಗಿಗಳನ್ನು ಅವಳು ಒಂದರ ಮೇಲೊಂದು ಹರವಿ ನೋಡಿದಳು.

"ಅಲ್ಲ ಕೋಲಣ್ಣ, ಎಲ್ಲಾ ಅಂಗೀಲೂ ಬಲಗಡೆ ಭುಜ ಮಾತ್ರ ಸವೆದಿದೆಯಲ್ಲ, ಏನು ಕಥೆ?"

"ಕೋಲು ಹೊರ್ತೀನಲ್ಲ, ಅದಕ್ಕೆ."

"ಹಾಗಾದ್ರೆ ಒಂದಿನ ಎಡಗಡೆ ಹೊರ್ರಿ. ಅದೇನು ಪಾಪ ಮಾಡಿದೆ?"

ಮದುವೆಯ ಮಾತೊಂದು ಬಿಟ್ಟರೆ ಎಷ್ಟೋ ವರ್ಷದಿಂದ ಅವನ ವಿಷಯವಾಗಿ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಅವನು ನಕ್ಕುಬಿಟ್ಟ. ಅಂದಿನಿಂದ ಭಾನುವಾರದ ಮಧ್ಯಾಹ್ನ ಅಲ್ಲಿ ಒಂದು ಲೋಟ ಟೀ ಖಾಯಂ ಆಯಿತು. ಅವಳು ಹೊಲಿಯುತ್ತಲೇ ಮಾತಾಡುತ್ತಿದ್ದಳು, ಅವನು ಕಾಜಾ ಮಾಡಿದ ಅಂಗಿಗಳನ್ನು ಮಡಿಸಿ ಅಳತೆ ಪ್ರಕಾರ ಜೋಡಿಸುತ್ತಿದ್ದ. ಬೀದಿಯ ಜನ ಕಥೆ ಕಟ್ಟುವಷ್ಟು ಕಟ್ಟಿದರು, ಆಮೇಲೆ ಅವರಿಗೇ ಬೇಜಾರಾಗಿ ಬಿಟ್ಟರು. ವಾರದ ಆರು ದಿನ ಕೋಲಣ್ಣ ಬದುಕುತ್ತಿದ್ದದ್ದು ಆ ಒಂದು ಮಧ್ಯಾಹ್ನಕ್ಕಾಗಿ. ಅದನ್ನೂ ಅವನು ಯಾರ ಹತ್ತಿರವೂ ಹೇಳಿಕೊಂಡವನಲ್ಲ, ಅವಳ ಹತ್ತಿರವಂತೂ ಮೊದಲೇ ಇಲ್ಲ.

ಆ ಬಡಾವಣೆಯ ಹಣೆಬರಹವೇ ಬೇರೆ. ಟೈಲರಮ್ಮನ ಗಂಡ ಮನೆ ಕಟ್ಟಿಸಿದಾಗ ರಸ್ತೆಯಿಂದ ಬಾಗಿಲಿಗೆ ನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ಆಮೇಲೆ ಬಂದವರೆಲ್ಲ ಲಾರಿಗಟ್ಟಲೆ ಮಣ್ಣು ಸುರಿದು ಇನ್ನೂ ಎತ್ತರಕ್ಕೆ ಕಟ್ಟಿದರು. ರಸ್ತೆಗೂ ಟಾರಿನ ಮೇಲೆ ಟಾರು ಬಿತ್ತು. ಮೊದಲು ಮಳೆಯ ನೀರು ಹರಡಿ ನಿಲ್ಲುತ್ತಿದ್ದ ಬಯಲಲ್ಲೆಲ್ಲ ಮನೆಗಳೆದ್ದವು. ಅವಳು ಇದ್ದಲ್ಲೇ ಇದ್ದಳು. ಸುತ್ತಲಿನದೆಲ್ಲ ಮೇಲೆದ್ದು ಅವಳ ಮನೆ ತಗ್ಗಿಗೆ ಬಿತ್ತು. ಈಗ ಉಳಿದದ್ದು ಒಂದೇ ಮೆಟ್ಟಿಲು.

ಎರಡು ಮಳೆಗಾಲ ಹಳ್ಳ ಉಕ್ಕಿ ಮನೆಗಳ ಮೆಟ್ಟಿಲ ತನಕ ನೀರು ಬಂದ ಮೇಲೆ ನಗರಸಭೆಗೆ ಎಚ್ಚರವಾಯಿತು. ಪ್ರತಿ ಮನೆಯ ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಎಂದು ಅಳೆದು ನಕ್ಷೆ ಮಾಡಬೇಕೆಂದು ಹುಕುಂ ಬಂತು. ಹೊಸ್ತಿಲು ನೆರೆಯ ಮಟ್ಟಕ್ಕಿಂತ ಮೇಲಿದ್ದರೆ ಮನೆಗೆ ಹಸಿರು ಬಣ್ಣ, ಕೆಳಗಿದ್ದರೆ ಕೆಂಪು. ಕೆಂಪು ಮನೆಗೆ ನೆರೆ ವಿಮೆ ಇಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ಅತ್ತ ತಿರುಗಿಯೂ ನೋಡುವುದಿಲ್ಲ. ಸರ್ವೇಯರ್ ಮತ್ತು ಕೋಲಣ್ಣ ಬೀದಿ ಬೀದಿ ಹೊರಟರು. ಜನ ಬಾಗಿಲಲ್ಲೇ ಅವನ ಕೈ ಹಿಡಿದುಕೊಳ್ಳುತ್ತಿದ್ದರು. "ಸ್ವಲ್ಪ ಎತ್ತಿ ಹಿಡೀರಿ ಅಣ್ಣ, ನಿಮ್ಮ ಗಂಟೇನು ಹೋಗುತ್ತೆ?" ಕೋಲಿನ ಬುಡ ಮೇಲೇರಿದಷ್ಟೂ ಕಾಗದದ ಮೇಲೆ ಮನೆಯೂ ಮೇಲೇರುತ್ತದೆ, ಆ ಗುಟ್ಟು ಎಲ್ಲರಿಗೂ ಗೊತ್ತಾಗಿಹೋಗಿತ್ತು. ಕೋಲಣ್ಣ ಒಬ್ಬರಿಗೂ ಜಗ್ಗಲಿಲ್ಲ. ಬೈಸಿಕೊಂಡ, ಶಾಪ ಹಾಕಿಸಿಕೊಂಡ, ಒಂದು ಮನೆಯಲ್ಲಿ ನಾಯಿಯನ್ನೂ ಬಿಟ್ಟರು. ಆದರೂ ಕೋಲು ನೆಲ ಬಿಟ್ಟು ಕೂದಲೆಳೆಯಷ್ಟೂ ಏಳಲಿಲ್ಲ.

ಟೈಲರಮ್ಮನ ಬೀದಿಗೆ ಹೋಗುವ ಮೊದಲಿನ ಭಾನುವಾರ ಅವಳು ಟೀ ಕೊಡುತ್ತಾ ಹೇಳಿದಳು: "ನಮ್ಮಣ್ಣ ಫೋನ್ ಮಾಡಿದ್ದ. ಮನೆ ಏನಾದ್ರೂ ಕೆಂಪು ಅಂತ ಬಂದ್ರೆ ಒಂದಿನಾನೂ ಅಲ್ಲಿರಬೇಡ, ಗಂಟುಮೂಟೆ ಕಟ್ಕೊಂಡು ನಮ್ಮೂರಿಗೆ ಬಂದ್ಬಿಡು ಅಂತಾನೆ. ಅವನ ಮನೇಲಿ ಮೇಲಿನ ರೂಮು ಖಾಲಿ ಇದೆಯಂತೆ."

"ಹೋಗ್ತೀರಾ?" ಎಂದ ಕೋಲಣ್ಣ.

"ಹೋಗದೆ ಏನ್ಮಾಡ್ಲಿ? ಇರು ಅನ್ನೋರು ಇಲ್ಲಿ ಯಾರಿದ್ದಾರೆ?" ಎಂದು ಅವಳು ಹಲ್ಲಿನಿಂದ ದಾರ ಕಡಿದಳು.

ಅಯ್ಯೋ, ಆಗ ಬಾಯಿ ಬಿಡಬೇಕೋ ಬೇಡವೋ! ಎದುರಿಗೇ ಕೂತಿದ್ದಾನೆ ಮಹಾರಾಯ, ಟೀ ಲೋಟ ಕೈಯಲ್ಲಿದೆ. ಅವನು ಲೋಟ ಕೆಳಗಿಟ್ಟು "ಬಟನ್ ಒಂದು ಕಮ್ಮಿ ಇದೆ ಇದಕ್ಕೆ" ಎಂದು ಒಂದು ಅಂಗಿಯನ್ನು ಪಕ್ಕಕ್ಕೆ ತೆಗೆದಿಟ್ಟ.

ಮಂಗಳವಾರ ಅವಳ ಮನೆಯ ಸರದಿ ಬಂತು. ಅವಳು ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಸರ್ವೇಯರ್ ಬೀದಿಯ ತಿರುವಿನಲ್ಲಿ ದುರ್ಬೀನು ಹೂಡಿದ್ದ. ಕೋಲಣ್ಣ ಹೊಸ್ತಿಲ ಮುಂದೆ ನಿಂತ. ಮೂವತ್ತೊಂದು ವರ್ಷದ ಕಣ್ಣು ಅದು, ದುರ್ಬೀನು ಬೇಕಾಗಿರಲಿಲ್ಲ. ನೆರೆಯ ಮಟ್ಟಕ್ಕಿಂತ ಎರಡು ಅಂಗುಲ ಕೆಳಗೆ ಎಂದು ಅವನಿಗೆ ನಿಂತಲ್ಲೇ ತಿಳಿಯಿತು. ಮುಂದೆ ಮೊಣಕಾಲೆತ್ತರದ ಕಾಂಪೌಂಡ್ ಗೋಡೆ, ಕಾಲು ಯಾರಿಗೂ ಕಾಣುವಂತಿರಲಿಲ್ಲ. ಅವನು ಬಲಗಾಲಿನ ಬೂಟನ್ನು ಮುಂದೆ ಸರಿಸಿ ಕೋಲಿನ ಬುಡವನ್ನು ಬೂಟಿನ ತುದಿಯ ಮೇಲೆ ಇಟ್ಟುಕೊಂಡ. ಮೂರು ಅಂಗುಲ. ಸರ್ವೇಯರ್ ಎರಡೂ ಕೈ ಮೇಲೆತ್ತಿದ. ಆಯಿತು, ಮುಂದಕ್ಕೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು, ಜೊತೆಗೆ ನಾಚಿಕೆಗೆಟ್ಟ ಒಂದು ಸಂತೋಷವೂ ಇತ್ತು: ಅವಳು ಹೋಗುವುದಿಲ್ಲ.

ನಕ್ಷೆ ಬಂದಾಗ ಅಕ್ಕಪಕ್ಕದ ಎರಡೂ ಮನೆ ಕೆಂಪು, ನಡುವೆ ಟೈಲರಮ್ಮನದು ಹಸಿರು. ಅವಳಿಗೆ ಹಿಗ್ಗೋ ಹಿಗ್ಗು. ಮರುದಿನವೇ ಅಣ್ಣನಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗಂಡ ಇದ್ದ ಕಾಲದಿಂದ ಕಟ್ಟಿಕೊಂಡು ಬಂದಿದ್ದ ನೆರೆ ವಿಮೆಯ ಕಾಗದವನ್ನೂ ತೆಗೆದು, "ಇನ್ನು ಇದ್ಯಾಕೆ ದಂಡಕ್ಕೆ? ಈ ವರ್ಷದಿಂದ ನಿಲ್ಲಿಸಿಬಿಡ್ತೀನಿ" ಎಂದಳು.

ಈ ಒಂದು ವಿಷಯ ಕೋಲಣ್ಣನ ಬುದ್ಧಿಗೆ ಹೊಳೆದೇ ಇರಲಿಲ್ಲ.

"ಬೇಡ ಟೈಲರಮ್ಮ, ಕಟ್ಟಿಬಿಡಿ. ಇದ್ರೆ ಒಳ್ಳೇದು."

"ನೀವೇ ಕೋಲು ಹಿಡಿದು ಅಳೆದ ಮನೆ. ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ? ನಂಗಿದೆಯಪ್ಪಾ."

"ಹಾಗಲ್ಲ, ಮಳೆ ಹೇಳಿ ಕೇಳಿ ಬರುತ್ತಾ..."

"ಸುಮ್ನಿರಿ. ಊರೆಲ್ಲಾ ಗೋಗರೆದರೂ ಒಂದು ಕೂದಲು ಎತ್ತಲಿಲ್ವಂತೆ ನೀವು. ಪಕ್ಕದ ಮನೆಯವರು ಇವತ್ತಿಗೂ ಬೈತಾರೆ. ಅಂಥವರು ಅಳೆದದ್ದು ಸುಳ್ಳಾಗುತ್ತಾ?"

ಅಂದು ಅವನು ಟೀ ಕುಡಿಯದೆ ಎದ್ದುಬಂದ. ಮುಂದಿನ ಭಾನುವಾರ ಹೇಳುತ್ತೇನೆ ಎಂದುಕೊಂಡ. ಭಾನುವಾರಗಳು ಬಂದವು, ಹೋದವು. ಹೇಳಿದರೆ ಆ ಭಾನುವಾರವೇ ಇರುವುದಿಲ್ಲ ಎಂಬ ಹೆದರಿಕೆ. ಹೀಗೆ ನಾಳೆ ನಾಳೆ ಎನ್ನುತ್ತಲೇ ವರ್ಷ ಉರುಳಿತು.

ಮರುವರ್ಷದ ಮಳೆಗೆ ಹಳ್ಳ ಬೆಳಿಗ್ಗೆ ಹತ್ತು ಗಂಟೆಗೆ ಉಕ್ಕಿತು. ಕೋಲಣ್ಣ ಕಚೇರಿಯಿಂದ ಓಡೋಡಿ ಬರುವ ಹೊತ್ತಿಗೆ ಅವಳ ಮುಂದಿನ ಕೋಣೆಯಲ್ಲಿ ಮೊಣಕಾಲುದ್ದ ಕೆಂಪು ನೀರು. ನೆಲದ ಮೇಲೆ ಕತ್ತರಿಸಿಟ್ಟಿದ್ದ ಇನ್ನೂರು ಯೂನಿಫಾರಂ ಬಟ್ಟೆ ತೇಲುತ್ತಿತ್ತು. ಯಂತ್ರಗಳ ಮೋಟಾರು ಮುಳುಗಿತ್ತು. ಮೂವತ್ತು ವರ್ಷದಿಂದ ಕೂಡಿಟ್ಟ ಅಳತೆಯ ಕಾಗದಗಳು ಗೋಡೆಗೆ ಅಂಟಿಕೊಂಡಿದ್ದವು. ಇಬ್ಬರೂ ಸೇರಿ ಎತ್ತಿದರು, ಹೊತ್ತರು, ಹಿಂಡಿದರು.

ಹತ್ತು ದಿನಕ್ಕೆ ವಿಮೆ ಕಂಪನಿಯವನು ಫೈಲು ಹಿಡಿದು ಬಂದ. ಎಡಗಡೆ ಮನೆಗೆ ಹೋದ, ಫೋಟೋ ತೆಗೆದ, ಬರೆದುಕೊಂಡ. ಅಲ್ಲಿಂದ ಇಳಿದು ಟೈಲರಮ್ಮನ ಬಾಗಿಲ ಮುಂದೆಯೇ ಹಾದು ಬಲಗಡೆ ಮನೆಗೆ ಹೋದ. ಅವಳು ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದಳು. ಆ ಹೊತ್ತಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಕೋಲಣ್ಣನಿಗೆ.

ಅವಳು ಮಾತ್ರ ಒಂದು ಕೊಂಕು ಮಾತೂ ಆಡಲಿಲ್ಲ. ಆ ಭಾನುವಾರ ಹಸಿ ಗೋಡೆಗಳ ನಡುವೆ ಕೂತು ಲೆಕ್ಕ ಹಾಕಿದಳು: "ಕೈಯಲ್ಲಿರೋ ಬಳೆ ಮಾರಿಬಿಡ್ತೀನಿ. ಹೊಸ ಯಂತ್ರ ತರ್ತೀನಿ, ಇದೇ ಕೋಣೆಗೆ ಹೊಸ ನೆಲ ಹಾಕಿಸ್ತೀನಿ. ಇಂಥ ಮಳೆ ನೂರು ವರ್ಷಕ್ಕೊಂದ್ಸಲ ಬರೋದು. ಹಸಿರು ಮನೆಗೇ ನೀರು ಬಂತು ಅಂದ್ರೆ ಅದು ನನ್ನ ಗ್ರಹಚಾರ. ಮತ್ತೆ ಬರಲ್ಲ, ಅಲ್ವಾ ಕೋಲಣ್ಣ?"

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಅವಳು ಅಲ್ಲೇ ಉಳಿಯುತ್ತಿದ್ದಳು. ಅವನು ಬಯಸಿದ್ದೂ ಅದೇ ಅಲ್ಲವೇ? ಅವಳ ಕೈಯಲ್ಲಿದ್ದ ನಾಲ್ಕು ಬಳೆಗಳನ್ನು ನೋಡಿದ.

"ಬರುತ್ತೆ" ಎಂದ. "ಮನೆ ಕೆಂಪು ಟೈಲರಮ್ಮ. ಮೊದಲಿಂದಲೂ ಕೆಂಪೇ. ನಾನು ಕೋಲನ್ನ ಬೂಟಿನ ಮೇಲಿಟ್ಟೆ. ಮೂರು ಅಂಗುಲ."

ಅರ್ಥವಾದ ಮೇಲೆ ಅವಳು ಎದ್ದು ಒಳಗೆ ಹೋದಳು. ಅವನು ಒಂದು ಗಂಟೆ ಕೂತಿದ್ದ. ಅವಳು ಹೊರಗೆ ಬರಲಿಲ್ಲ.

ಸೋಮವಾರ ಅವನು ಸರ್ವೇಯರನಿಗೂ ಹೇಳಿದ. ಸರ್ವೇಯರ್ ಬೆಪ್ಪಾಗಿ ನೋಡಿದ. "ನೀನಾ ಕೋಲಣ್ಣ? ಬೇರೆ ಯಾರಾದ್ರೂ ಬಂದು ಹೇಳಿದ್ರೆ ಕಪಾಳಕ್ಕೆ ಹೊಡೀತಿದ್ದೆ." ಮರುದಿನ ಬೇರೊಬ್ಬನ ಕೈಗೆ ಕೋಲು ಕೊಟ್ಟು ಮತ್ತೆ ಅಳೆದರು, ಮನೆ ಕೆಂಪಾಯಿತು. ಕೋಲಣ್ಣನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ಹದಿನೈದು ದಿನಕ್ಕೆ ಅವಳ ಅಣ್ಣ ವ್ಯಾನು ತಂದ. ಕೋಲಣ್ಣ ಕರೆಯದೆಯೇ ಹೋದ, ಯಾರೂ ಬೇಡ ಎನ್ನಲಿಲ್ಲವೆಂದು ಮಂಚ, ಬೀರು ಎಲ್ಲಕ್ಕೂ ಹೆಗಲು ಕೊಟ್ಟ. ಎಲ್ಲ ಹೇರಿಯಾಯಿತು. ಅವಳು ನೆಲ ಕಿತ್ತುಹೋದ, ರಿಪೇರಿಗೆ ವಿಮೆಯೂ ಸಾಲವೂ ಹುಟ್ಟದ ಆ ಮನೆಗೆ ಬೀಗ ಹಾಕಿ ಬಂದು ಅವನ ಎದುರಿಗೆ ನಿಂತಳು. ಅಂದಿನಿಂದ ಅವಳು ಅವನೊಡನೆ ಮಾತಾಡಿದ್ದು ಅದೇ ಮೊದಲು.

"ಯಾಕೆ ಹಾಗ್ಮಾಡಿದ್ರಿ? ನಾನೇನು ಕೇಳಿರಲಿಲ್ಲವಲ್ಲ."

"ಕೆಂಪು ಅಂತ ಬಂದ್ರೆ ನೀವು ಹೊರಟುಹೋಗ್ತೀರಿ ಅಂತ."

ಅವಳು ಅವನನ್ನೇ ನೋಡಿದಳು. ಕಣ್ಣು ತುಂಬಿ ಬಂತು, ಆದರೆ ಅದು ಬರೀ ಸಿಟ್ಟಿನ ಕಣ್ಣೀರಲ್ಲ.

"ಹೋಗಬೇಡಿ ಅಂತ ಒಂದು ಮಾತು ಹೇಳಕ್ಕಾಗ್ತಿರ್ಲಿಲ್ವಾ?" ಎಂದಳು. "ಆವತ್ತು ಟೀ ಕೊಡುವಾಗ ನಾನು ಸುಮ್ಸುಮ್ನೆ ಹೇಳಿದ್ನಾ? ನೀವೇನಂತೀರಿ ಅಂತ ನೋಡೋಕೆ ಹೇಳಿದ್ದೆ. ಒಂದು ಮಾತು ಅಂದಿದ್ರೆ ಸಾಕಿತ್ತು. ಕೆಂಪೇ ಆಗಿರ್ಲಿ, ವಿಮೆ ಕಟ್ಕೊಂಡು, ಯಂತ್ರಾನ ಅಟ್ಟಕ್ಕೆ ಏರಿಸ್ಕೊಂಡು ಇರ್ತಿದ್ದೆ."

ಅಣ್ಣ ವ್ಯಾನಿನಿಂದ "ಬಾರಮ್ಮ, ಹೊತ್ತಾಯ್ತು" ಎಂದು ಕೂಗಿದ.

"ಹೋಗಬೇಡಿ" ಎಂದ ಕೋಲಣ್ಣ. ಜನ್ಮದಲ್ಲಿ ಮೊದಲ ಸಲ ತನಗಾಗಿ ಒಬ್ಬರನ್ನು ಒಂದು ಮಾತು ಕೇಳಿದ, ಅದೂ ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ.

"ಈಗ ಮನೆ ಎಲ್ಲಿದೆ ಕೋಲಣ್ಣ, ಇರೋಕೆ?" ಎಂದು ಅವಳು ವ್ಯಾನು ಹತ್ತಿದಳು.