ನಾಯಿ ಪುಸ್ತಕಗಳೂ ಕೋದಂಡಪ್ಪನೂ

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷ ಪುಸ್ತಕ ಕೊಡುವ ಗುಮಾಸ್ತನಾಗಿದ್ದೆ, ಜನರ ಬಾಯಲ್ಲಿ 'ರೈಟರ್'. ಅಷ್ಟೂ ವರ್ಷ ನನ್ನ ತಲೆ ತಿಂದವರು ಕಾದಂಬರಿ ಓದುವವರಲ್ಲ, ನಾಯಿ ಸಾಕುವವರು. ಬಿಳಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟ ಮೇಲೆ ಅವರ ಬಂಗಲೆಗಳಿಗೆ ನಮ್ಮವರು ಬಂದರು. ಬಂಗಲೆ ಸಿಕ್ಕ ಮೇಲೆ ನಾಯಿ ಬೇಕಾಯಿತು, ನಾಯಿ ಬಂದ ಮೇಲೆ ನಾಯಿಯ ಪುಸ್ತಕ ಬೇಕಾಯಿತು. ಕ್ಲಬ್ಬಿನಲ್ಲಿ ಅಂಥವು ಮೂರಿದ್ದವು, ಮೂರೂ ಇಂಗ್ಲಿಷಿನವು. ಒಂದು ನಾಯಿಯ ಸ್ವಭಾವದ ಬಗ್ಗೆ, ಇನ್ನೊಂದು ತಳಿ ಬೆಳೆಸುವ ಬಗ್ಗೆ, ಮೂರನೆಯದು ಎರಡನ್ನೂ ಕಲಸಿ ಬರೆದದ್ದು.

ಓದಿ ಸುಮ್ಮನಿರುವ ಜನವೇ ಅಲ್ಲ ಅವರು. ಪುಸ್ತಕ ವಾಪಸು ಬಂದರೆ ಅಂಚಿನ ತುಂಬಾ ಪೆನ್ಸಿಲ್ಲಿನ ಗೀಚು. 'ಶುದ್ಧ ಸುಳ್ಳು, ನಮ್ಮ ಟೈಗರ್ ಹೀಗಿಲ್ಲ' ಎಂದು ಒಬ್ಬರು ಬರೆದರೆ, ಅದರ ಕೆಳಗೆ 'ನಿಮ್ಮ ಟೈಗರ್ ಶುದ್ಧ ತಳಿಯೇ ಅಲ್ಲವಲ್ಲ' ಎಂದು ಇನ್ನೊಬ್ಬರು. ರಬ್ಬರ್ ಹಿಡಿದು ಅದನ್ನೆಲ್ಲ ಅಳಿಸುವ ಕೆಲಸ ನನ್ನದು. ಬೈದುಕೊಂಡೇ ಅಳಿಸುತ್ತಿದ್ದೆ.

ಆ ನಾಯಿಗಳನ್ನು ನಿಜವಾಗಿ ಸಾಕುತ್ತಿದ್ದವನು ಕೋದಂಡಪ್ಪ. ಕಾಮಸಮುದ್ರದ ಕಡೆಯವನು. ಅಪ್ಪ ಗಣಿಯ ಆಳದಲ್ಲಿ ಬಂಡೆ ಸಿಡಿದು ಸತ್ತಿದ್ದ. ಕೆಳಗೆ ಭಾರ ತಾಳಲಾರದೆ ಬಂಡೆ ತಾನಾಗಿ ಸಿಡಿದರೆ ಮೇಲೆ ನಮ್ಮ ಮನೆಗಳಲ್ಲಿ ಗೂಡಿನ ಲೋಟಗಳು ಉರುಳುತ್ತಿದ್ದವು. ಗಣಿ ಕೂಲಿಗಳ ಸಾಲುಮನೆಗಳಾದ ಲೈನುಗಳ ಹೆಂಗಸರು ಕೈಯ ಕೆಲಸ ಬಿಟ್ಟು ಬೀದಿಗೆ ಬಂದು, ಗಣಿಗಿಳಿಯುವ ಶಾಫ್ಟಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. ಹಾಗೆ ನಿಂತ ಒಂದು ದಿನ ಕೋದಂಡಪ್ಪನ ತಾಯಿಯ ಗಂಡ ಮೇಲೆ ಬರಲಿಲ್ಲ. ಮಗನನ್ನು ಆಕೆ ಕೆಳಗಿಳಿಯಲು ಬಿಡಲೇ ಇಲ್ಲ. ಹೀಗಾಗಿ ಅವನು ಬಂಗಲೆಗಳ ನಾಯಿ ನೋಡಿಕೊಳ್ಳುವವನಾದ. ಉಣ್ಣಿ ಕೀಳುವುದು, ಸ್ನಾನ ಮಾಡಿಸುವುದು, ಬಾಣಂತನ, ಎಲ್ಲ ಅವನದೇ. ಮೂವತ್ತು ವರ್ಷದಲ್ಲಿ ಒಂದು ನಾಯಿಯೂ ಅವನನ್ನು ಕಚ್ಚಿರಲಿಲ್ಲ. ಓದು ಬರಹ ಮಾತ್ರ ಬರುತ್ತಿರಲಿಲ್ಲ.

ಉಗ್ರಾಣದ ಅಧಿಕಾರಿ ಜಯರಾಮಪ್ಪನವರ ಮನೆಯಲ್ಲಿ ಜೂಲಿ ಎಂಬ ಅಲ್ಸೇಷಿಯನ್ ಹೆಣ್ಣುನಾಯಿ ಇತ್ತು. ಕೋದಂಡಪ್ಪ ಕೈಯಾರೆ ಹಾಲೂಡಿಸಿ ಬೆಳೆಸಿದ್ದು. ನೆಲ ಅದುರಿದರೆ ಸಾಕು, ಜೂಲಿ ಮಂಚದ ಕೆಳಗೆ ಸೇರುತ್ತಿತ್ತು. ಅದು ಸಾವಿರದ ಒಂಬೈನೂರ ಅರವತ್ತೆರಡರ ಸುಮಾರು, ಮೇಲಿಂದ ಮೇಲೆ ಅದುರುತ್ತಿದ್ದ ಕಾಲ. ಜಯರಾಮಪ್ಪನವರು ತಳಿಯ ಪುಸ್ತಕ ಒಯ್ದು, ಒಂದು ಸಾಲಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಕ್ಲಬ್ಬಿನ ಜಗಲಿಯಲ್ಲಿ ಎಲ್ಲರಿಗೂ ಓದಿ ಹೇಳಿದರು. ಸದ್ದಿಗೆ ಅವಿತುಕೊಳ್ಳುವ ನಾಯಿಯ ದೋಷ ರಕ್ತದಲ್ಲೇ ಇರುತ್ತದೆ, ಅದರಿಂದ ಮರಿ ತೆಗೆಯಬಾರದು, ತಳಿಯ ಹಿತಕ್ಕೆ ಅದನ್ನು ಉಳಿಸಲೂ ಬಾರದು. ಉಳಿದವರು ಗಂಭೀರವಾಗಿ ತಲೆದೂಗಿದರು. ವೈದ್ಯರನ್ನು ಕರೆಸಿ ಪ್ರಾಣ ತೆಗೆಯುವ ಸೂಜಿ ಹಾಕಿಸುವ ಮಾತೂ ಆಯಿತು.

ಕೋದಂಡಪ್ಪ ನನ್ನ ಹತ್ತಿರ ಓಡಿ ಬಂದ. "ರೈಟ್ರೇ, ಆ ಬುಕ್ಕಾಗೆ ಏನೈತೆ, ನಂಗೊಂದ್ ದಪ ಓದಿ ಏಳಿ."

ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಇದನ್ನ ಬರ್ದ ದೊರೆ ನಮ್ ಲೈನಾಗೆ ಒಂದಿನಾನಾದ್ರೂ ಇದ್ನಾ? ಅವ್ನೂರಾಗೆ ನೆಲ ಅದುರ್ತೈತಾ? ಜೂಲಿ ಸದ್ದಿಗೆ ಎದರಲ್ಲ ರೈಟ್ರೇ, ನೆಲಕ್ಕೆ ಎದರ್ತೈತೆ. ನಮ್ಮವ್ವ ಎದರಾಕಿಲ್ವಾ?"

ಅದನ್ನೇ ಹೋಗಿ ಜಯರಾಮಪ್ಪನವರಿಗೂ ಹೇಳಿದ. ನೆಲ ಅದುರದ ಊರಿನಲ್ಲಿ ಹದಿನೈದು ದಿನ ಇಟ್ಟು ನೋಡೋಣ ಎಂದು ಕಾಲು ಹಿಡಿದ. ಅವರು ದೊಡ್ಡ ಮನಸ್ಸು ಮಾಡಿದವರಂತೆ ಒಪ್ಪಿದರು. ಮಾರಿಕುಪ್ಪಂ ರೈಲಿನಲ್ಲಿ ಜೂಲಿಯನ್ನು ಬಂಗಾರಪೇಟೆಗೆ ಕರೆದೊಯ್ದು, ಪರಿಚಯದ ಅಶ್ವತ್ಥಪ್ಪನವರ ಅಕ್ಕಿ ಗಿರಣಿಯಲ್ಲಿ ಇಟ್ಟ. ಇಂಜಿನ್ನು ಅಬ್ಬರಿಸುವ ಜಾಗ. ಪಕ್ಕದಲ್ಲೇ ರೈಲು ಹಳಿ. ಮದುವೆ ಮೆರವಣಿಗೆಯ ಪಟಾಕಿಯೂ ಸಿಡಿಯಿತು. ಜೂಲಿ ಕಿವಿ ಕೂಡ ಅಲ್ಲಾಡಿಸಲಿಲ್ಲವಂತೆ. ಅಶ್ವತ್ಥಪ್ಪನವರು ಅದನ್ನೆಲ್ಲ ಕಾಗದದಲ್ಲಿ ಬರೆದು, ಸಹಿ ಮಾಡಿ ಕೊಟ್ಟರು.

ಕೋದಂಡಪ್ಪ ಜೂಲಿಯನ್ನು ವಾಪಸು ಕರೆತಂದು ಕಾಗದ ಕೊಟ್ಟ ಮಧ್ಯಾಹ್ನ ನಾನೂ ಬಂಗಲೆಯಲ್ಲಿದ್ದೆ, ವಾಯಿದೆ ಮೀರಿದ ಆ ಪುಸ್ತಕ ಕೇಳಲು ಹೋಗಿದ್ದೆ. ಜಯರಾಮಪ್ಪನವರು ಕಾಗದ ಓದಿ ಮಡಚಿದರು. "ಗಿರಣಿಯವನಿಗೆ ತಳಿಯ ವಿಷಯ ಏನು ಗೊತ್ತು? ಹೊಸ ಜಾಗದಲ್ಲಿ ನಾಯಿ ತನ್ನ ದೋಷ ಮರೆಮಾಚುತ್ತದೆ, ಅದೂ ಪುಸ್ತಕದಲ್ಲಿದೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಅಂಥ ಮಾತು ಆ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ.

ಅಷ್ಟರಲ್ಲಿ ನೆಲ ಅದುರಿತು. ಕಿಟಕಿ ಗಾಜು ಗಡಗಡ ಎಂದಿತು, ಗೋಡೆಯ ಪಟ ಬಿತ್ತು. ಜಯರಾಮಪ್ಪನವರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಒಂದೇ ನೆಗೆತಕ್ಕೆ ಅಂಗಳ ಸೇರಿದ್ದರು. ನಾನು ಬೀರು ಹಿಡಿದು ನಿಂತಿದ್ದೆ. ಎದ್ದು ನಡೆಯಲಾರದ ಅವರ ತಾಯಿ ಗಂಗರತ್ನಮ್ಮ ಒಳಗೆ ಮಂಚದ ಮೇಲಿದ್ದರು. ಜೂಲಿ ಅದೇ ಮಂಚದ ಕೆಳಗೆ. ಕೋದಂಡಪ್ಪ ಒಳಗೆ ಹೋಗಿ ಮುದುಕಮ್ಮನನ್ನು ಎತ್ತಿಕೊಂಡು ಹೊರಗೆ ತಂದ, ಜೂಲಿ ಅವನ ಹಿಂದೆಯೇ ಬಂತು.

ಜಯರಾಮಪ್ಪನವರು ತಾಯಿಯ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, "ನೀವೇ ನೋಡಿದಿರಲ್ಲ, ಹೇಗೆ ಓಡಿ ಅವಿತುಕೊಂಡಿತು!" ಎಂದರು.

ನಾನು ನೆಲ ನೋಡಿದೆ. ಸಂಬಳ ಕೊಡುವ ಕ್ಲಬ್ಬಿನ ಕಮಿಟಿಯಲ್ಲಿ ಅವರಿದ್ದರು.

ಕೋದಂಡಪ್ಪ ಹೇಳಿದ: "ಅದು ಮಂಚದಡಿ ಓಯ್ತು, ನೀವು ಅಂಗಳಕ್ಕೋದ್ರಿ ಸಾಮಿ. ನಿಮ್ ರಕ್ತದಾಗೂ ದೋಷ ಐತಾ, ಬುಕ್ಕಾಗೆ ನೋಡಿ."

ಅಲ್ಲಿಗೆ ಮುಗಿಯಿತು. ಜೂಲಿಯನ್ನು ತನಗೇ ಕೊಟ್ಟುಬಿಡಿ ಎಂದು ಆಮೇಲೆ ಎಷ್ಟು ಬೇಡಿಕೊಂಡರೂ ಕೊಡಲಿಲ್ಲ. ಬೀದಿನಾಯಿ ಜೊತೆ ಸೇರಿ ಕೆಟ್ಟ ರಕ್ತ ಹರಡುತ್ತದಂತೆ. ಮಾರನೆಯ ದಿನ ಸೂಜಿ ಹಾಕಿಸಿದರು. ಅದನ್ನು ಹಿಡಿದು ಕೂರಲು ಕೋದಂಡಪ್ಪನನ್ನೇ ಕರೆಸಿದರು, ಬೇರೆ ಯಾರ ಕೈಗೂ ಅದು ನಿಲ್ಲುತ್ತಿರಲಿಲ್ಲ. ಆ ವಾರದೊಳಗೆ ಉಳಿದ ಬಂಗಲೆಗಳವರೂ ಅವನನ್ನು ಕೆಲಸದಿಂದ ಬಿಡಿಸಿದರು. ಬಾಯಿ ಜೋರಾಗಿದೆ ಎಂಬುದು ಕಾರಣ. ಅವನು ಅಶ್ವತ್ಥಪ್ಪನವರ ಗಿರಣಿಗೆ ಮೂಟೆ ಹೊರಲು ಸೇರಿದ.

ಪುಸ್ತಕ ವಾಪಸು ಬಂತು. ಕೆಂಪು ಗೆರೆಯ ಪಕ್ಕದಲ್ಲಿ ತಾರೀಖು ಹಾಕಿ, 'ನಮ್ಮ ಮನೆಯಲ್ಲೇ ಸಾಬೀತಾಯಿತು' ಎಂದು ಬರೆದಿದ್ದರು. ಕೆಳಗೆ ಆಗಲೇ ಇನ್ನಿಬ್ಬರು ಒಪ್ಪಿಗೆ ಸೂಚಿಸಿದ್ದರು. ರಬ್ಬರ್ ಕೈಗೆತ್ತಿಕೊಂಡೆ, ಅಳಿಸಲಾಗಲಿಲ್ಲ. ಶಾಯಿಯಲ್ಲಿ ಕೆಳಗೆ ಬರೆದೆ: 'ಆ ದಿನ ಮೊದಲು ಓಡಿದ್ದು ಪುಸ್ತಕ ಓದಿದವರು. ನಾನು ಕಣ್ಣಾರೆ ಕಂಡಿದ್ದೇನೆ.' ಕೆಳಗೆ ನನ್ನ ಹೆಸರನ್ನೂ ಹಾಕಿದೆ. ಬರೆದು ಎದೆಯುಬ್ಬಿತು.

ಭಾನುವಾರ ಆ ಪುಸ್ತಕ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದೆ. ಗಿರಣಿಯ ಹೊರಗೆ ಕೋದಂಡಪ್ಪ ತಲೆಯ ತೌಡು ಕೊಡವುತ್ತ ಬಂದು, ನಾನು ಬಿಡಿಸಿ ಹಿಡಿದ ಪುಟ ನೋಡಿದ.

"ಏನ್ ಬರ್ದಿದ್ದೀರಿ?"

ಓದಿ ಹೇಳಿದೆ. ಅವನು ನನ್ನ ಅಕ್ಷರದ ಮೇಲೆ ಒಮ್ಮೆ ಬೆರಳಾಡಿಸಿ, ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟ.

"ಅವತ್ತು ಬಾಯಾಗೆ ಏಳ್ಬೇಕಿತ್ತು ರೈಟ್ರೇ" ಎಂದು, ಇನ್ನೊಂದು ಮೂಟೆಗೆ ಬೆನ್ನು ಕೊಡಲು ಒಳಗೆ ಹೋದ.