ಅರಿಸಿನ ಹಚ್ಚಿದ ಅರ್ಜಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ನನಗೆ ಬೀಗರಿದ್ದಾರೆ. ಆದ್ದರಿಂದ ನಾನು ಹುಟ್ಟಿದ ಊರು ಈ ಸೀಮೆಯದು ಎಂದಷ್ಟೇ ಹೇಳುತ್ತೇನೆ, ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಪುರಸಭೆಯವರು ಮುನಿಸಿಕೊಳ್ಳುತ್ತಾರೆ, ಮುಂದಿನ ಸಲ ಬಸ್ಸಿಳಿದಾಗ ಯಾರೂ ಚಹಾಕ್ಕೆ ಕರೆಯುವುದಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಬಹಳ ವರ್ಷ ಆಡಳಿತಾಧಿಕಾರಿಯ ಕೈಯಲ್ಲಿದ್ದ ನಮ್ಮ ಪುರಸಭೆಗೆ ಚುನಾವಣೆ ನಡೆದು ಹೊಸ ಸದಸ್ಯರು ಬಂದಿದ್ದರು. ಅವರಲ್ಲಿ ಮೊದಲ ಸಲ ಹೆಂಗಸರೂ ಇದ್ದರು. ಹೊಸಬರಿಗೆ ಹುರುಪು ಬಹಳ. ಊರು ನಡೆಸುವ ನಿಯಮಗಳು ಅಜ್ಜನ ಕಾಲದವು, ಅವನ್ನೆಲ್ಲ ತೆಗೆದುಹಾಕಿ ಹೊಸ ನಿಯಮಾವಳಿ ಮಾಡಬೇಕು ಎಂದು ಠರಾವು ಮಾಡಿದರು. ಯಾರೋ ಒಂದು ದೊಡ್ಡ ಶಹರದ ನಿಯಮಾವಳಿಯನ್ನು ತಂದುಕೊಟ್ಟರು. ಅದನ್ನು ಎದುರಿಗಿಟ್ಟುಕೊಂಡು ಕರಡು ಬರೆದರು. ಬರೆದವರ ನಿಷ್ಠೆ ಎಂಥದೆಂದರೆ, ಬಹುಮಹಡಿ ಕಟ್ಟಡಗಳ ಲಿಫ್ಟಿನ ಕಲಮನ್ನೂ ಬಿಟ್ಟಿರಲಿಲ್ಲ. ಆಗ ನಮ್ಮೂರಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದದ್ದು ಬಾವಿಯ ಕೊಡ ಒಂದೇ.

ಆ ಕರಡನ್ನು ಟೈಪು ಮಾಡಿದವಳು ನಾನು. ಬಿ.ಎ. ಮುಗಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಪುರಸಭೆಯ ಟೈಪಿಸ್ಟ್ ಹೆರಿಗೆ ರಜೆಯಲ್ಲಿದ್ದಳು, ಕೆಲಸ ನಮ್ಮಲ್ಲಿಗೆ ಬಂತು. ನಾನು ಬಹಳ ಅಭಿಮಾನದಿಂದ ಮಾಡಿದೆ. ಸಭೆ ನಡೆಯುವಾಗ ಊರವರು ಯಾರು ಬೇಕಾದರೂ ಬಂದು ಕುಳಿತು ಕೇಳಬಹುದು ಎಂಬ ಕಲಮು ಅದರಲ್ಲಿತ್ತು. ಪ್ರತಿ ವಾರ್ಡಿಗೂ ಒಂದು ಸಮಿತಿ, ಅದರಲ್ಲಿ ಹೆಣ್ಣುಮಕ್ಕಳು ಇರಲೇಬೇಕು ಎಂಬುದಿತ್ತು. ನಾನಂತೂ ನಮ್ಮೂರು ಇನ್ನು ಉದ್ಧಾರವಾಯಿತೆಂದೇ ತಿಳಿದೆ. ಒಂದು ಕಾರ್ಬನ್ ಪ್ರತಿಯನ್ನು ಮನೆಗೆ ತಂದು, ಅಪ್ಪನ ಎದುರು ನಿಂತು, ಭಾಷಣ ಮಾಡುವವಳ ಹಾಗೆ ಓದತೊಡಗಿದೆ.

ಅಪ್ಪ ಟೇಲರ್. ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಅವನ ಹೊಲಿಗೆ ಮಷಿನ್. ನಾನು ಓದುತ್ತಿದ್ದರೆ ಅವನು ಹೊಲಿಯುತ್ತಲೇ "ಹ್ಞೂಂ, ಛಲೋ ಐತಿ" ಎನ್ನುತ್ತಿದ್ದ. ಒಂದು ಕಲಮಿಗೆ ಬಂದಾಗ ಮಷಿನ್ ನಿಂತಿತು.

"ಅದನ್ನ ಇನ್ನೊಮ್ಮಿ ಓದ ಯವ್ವಾ."

ಮನೆಯ ಗೋಡೆಯಿಂದಾಚೆಗೆ ರಸ್ತೆಯ ಹದ್ದಿನಲ್ಲಿರುವ ಮೆಟ್ಟಿಲು, ಕಟ್ಟೆ, ಚಪ್ಪರಗಳನ್ನು ಮಾಲೀಕರೇ ತೆಗೆಸತಕ್ಕದ್ದು, ತಪ್ಪಿದಲ್ಲಿ ಪುರಸಭೆಯೇ ತೆಗೆಸತಕ್ಕದ್ದು ಎಂದು ಓದಿದೆ. ಇದನ್ನೇ ನಾನು ಕ್ಲಾಸಿನಲ್ಲಿ ಕುಳಿತು, ಒಂದಕ್ಷರವೂ ತಪ್ಪದ ಹಾಗೆ, ಮೂರು ಪ್ರತಿ ಟೈಪು ಮಾಡಿದ್ದೆ. ನನ್ನ ಸ್ವಂತ ಅಪ್ಪನ ಕಟ್ಟೆ ಅದರಲ್ಲಿದೆ ಎಂದು ತಲೆಗೆ ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಆಮೇಲೆ ಎಷ್ಟೋ ಜನರ ಮೇಲೆ ತೀರಿಸಿಕೊಂಡೆ.

ಕಟ್ಟೆ ಹೋದರೆ ಮಷಿನನ್ನು ಒಳಗಿಟ್ಟುಕೊಂಡರಾಯಿತಲ್ಲ ಎಂದು ಓದುವವರು ಕೇಳಬಹುದು. ಪುರಸಭೆಯ ಗುಮಾಸ್ತನೂ ಹಾಗೇ ಕೇಳಿದ. ಅಪ್ಪ ಹೊಲಿಯುತ್ತಿದ್ದದ್ದು ಖಣದ ಕುಬಸ, ಅಂದರೆ ರವಿಕೆ. ಖಣವೆಂದರೆ ನಮ್ಮ ಕಡೆಯ ಹೆಂಗಸರು ಕುಬಸಕ್ಕೆ ಕೊಳ್ಳುವ ನೇಯ್ಗೆಯ ಬಟ್ಟೆ. ಸಿರಸಂಗಿ, ಮನೋಳಿ ಕಡೆಯಿಂದ ಸಂತೆಗೆ ಬಂದವರು ಹೊಸ ಖಣ, ಜೊತೆಗೆ ಅಳತೆಗೆಂದು ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ಕುಬಸ, ಎರಡನ್ನೂ ಸುತ್ತಿ ತರುತ್ತಿದ್ದರು. ರಸ್ತೆಯಲ್ಲೇ ನಿಂತು ಕಟ್ಟೆಯ ಮೇಲಿಡುತ್ತಿದ್ದರು. "ಅಣ್ಣಾ, ತೋಳ ಸ್ವಲ್ಪ ಸಡ್ಲ ಇರ್ಲಿ" ಎಂದು ಹೇಳಿ ಹೊರಡುತ್ತಿದ್ದರು. ಅಪ್ಪ ಯಾರ ಮೈ ಅಳತೆಯನ್ನೂ ತೆಗೆದವನಲ್ಲ. ಅವರೂ ಕಟ್ಟೆ ಹತ್ತಿದವರಲ್ಲ. ನಾಲ್ಕು ಜನ ನೋಡುವ ಬಯಲಿನಲ್ಲಿ ಕುಬಸ ಕೊಡುವುದಕ್ಕೆ ಯಾರಿಗೂ ಸಂಕೋಚವಿರಲಿಲ್ಲ, ಗಂಡಸು ಕುಳಿತ ಮನೆಯ ಹೊಸ್ತಿಲು ದಾಟಿ ಕೊಡು ಎಂದರೆ ಯಾರೂ ಕೊಡುತ್ತಿರಲಿಲ್ಲ. ಚಿಕ್ಕಂದಿನಿಂದ ಎಡಗಾಲು ಸೋತಿದ್ದ ಅಪ್ಪನಿಗೆ ಗೊತ್ತಿದ್ದ ಕಸುಬು ಅದೊಂದೇ. ಕಟ್ಟೆಯಿಲ್ಲದೆ ಆ ಕಸುಬಿಲ್ಲ.

ಕರಡಿನ ಬಗ್ಗೆ ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರಹದಲ್ಲಿ ಕೊಡಬೇಕು, ಆಮೇಲೆ ಒಂದು ದಿನ ವಿಚಾರಣೆ ಎಂದು ಬೋರ್ಡಿಗೆ ಹಚ್ಚಿದ್ದರು. ನಾನು ಅರ್ಜಿ ಟೈಪು ಮಾಡಿದೆ. ಮೊದಲ ಪ್ರತಿಯಲ್ಲಿ ಬೈಗುಳ ಹೆಚ್ಚಾಗಿತ್ತು. ಅಪ್ಪ ಓದಿಸಿಕೊಂಡು, "ಇದರಾಗ ನನ್ನ ಕಟ್ಟಿ ಎಲ್ಲೈತಿ? ಬರೇ ನಿನ್ನ ಸಿಟ್ಟ ಐತಿ" ಎಂದ. ಎರಡನೆಯದರಲ್ಲಿ ಖಣ, ಕುಬಸ, ರಸ್ತೆಯಲ್ಲಿ ನಿಲ್ಲುವ ಹೆಣ್ಣುಮಕ್ಕಳು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಅಪ್ಪ ಸಹಿ ಮಾಡಿದ.

ಮರುದಿನ ನನಗೆ ಕ್ಲಾಸಿತ್ತು. "ನಾ ಕೊಟ್ಟ ಬರತೇನಿ" ಎಂದು ಅವ್ವ ಅರ್ಜಿ ತೆಗೆದುಕೊಂಡಳು. ಅವ್ವನ ಕೈಯಿಂದ ಯಾವ ಮಹತ್ವದ ಕಾಗದವೂ ಬರಿದಾಗಿ ಹೊರಗೆ ಹೋದದ್ದಿಲ್ಲ. ನನ್ನ ಪರೀಕ್ಷೆಯ ಅರ್ಜಿಗೂ ಮೂಲೆಯಲ್ಲಿ ಕುಂಕುಮ ಬಿದ್ದಿತ್ತು. ಇದನ್ನು ಲಕೋಟೆಗೆ ಹಾಕಿ ಅಂಟಿಸಿ, ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿ, ನಡುವೆ ಕುಂಕುಮವಿಟ್ಟು, ಎರಡು ವೀಳ್ಯದೆಲೆ, ಒಂದು ಅಡಿಕೆಯ ಜೊತೆ ಪುರಸಭೆಗೆ ಒಯ್ದು ಕೊಟ್ಟು ಬಂದಿದ್ದಾಳೆ.

"ಅರ್ಜಿ ಮುಟ್ಟೇತಿ ಅಂತ ಶಿಕ್ಕಾ ಹೊಡಿಸಿಕೊಂಡಿ ಏನಬೇ?" ಎಂದು ಕೇಳಿದೆ.

"ಸಿಪಾಯಿ ಎರಡೂ ಕೈಲೆ ತಗೊಂಡ, ಕಣ್ಣಿಗೊತ್ತಿಕೊಂಡ. ಸಾಹೇಬರಿಗೇ ಮುಟ್ಟಸ್ತೇನಿ ಅಂದ. ಅದಕಿಂತ ಶಿಕ್ಕಾ ಯಾವುದ ಬೇಕ ನಿನಗ?"

ಜಗಳ ಆಡುವುದರಲ್ಲಿ ನಾನು ಅವಳ ಮಗಳೇ ಹೊರತು ಅವಳ ಸಮ ಅಲ್ಲ.

ವಿಚಾರಣೆಯ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನ ಹೆಗಲು ಹಿಡಿದು ಪುರಸಭೆಯ ಮೆಟ್ಟಿಲು ಹತ್ತಿದ. ಗುಮಾಸ್ತ ಒಂದೊಂದೇ ಆಕ್ಷೇಪಣೆ ಓದಿದ. ದನ ಬಿಡುವುದರ ಬಗ್ಗೆ ಒಂದು, ಅಂಗಡಿ ಬೋರ್ಡುಗಳ ಬಗ್ಗೆ ಮೂರು, ಗಟಾರದ ಬಗ್ಗೆ ಇನ್ನೊಂದು. ನಮ್ಮದು ಬರಲೇ ಇಲ್ಲ. ಎದ್ದು ಕೇಳಿದೆ. ಅವನು ರಜಿಸ್ಟರಿನಲ್ಲಿ ಬೆರಳಾಡಿಸಿ, ಅಂಥ ಅರ್ಜಿ ಬಂದೇ ಇಲ್ಲ ಎಂದ. ಬಾಯಿಂದ ಹೇಳುತ್ತೇವೆ ಎಂದರೆ, ಬರಹದಲ್ಲಿ ಬಂದವನ್ನಷ್ಟೇ ಪರಿಗಣಿಸತಕ್ಕದ್ದು ಎಂಬ ಸಾಲು ತೋರಿಸಿದ. ಅದೂ ನಾನೇ ಟೈಪು ಮಾಡಿದ ಸಾಲು. ಆಮೇಲೆ ಮಷಿನ್ ಒಳಗಿಟ್ಟುಕೊಳ್ಳುವ ಬುದ್ಧಿವಾದ ಬೇರೆ. ನಾನು ಏನೇನು ಅಂದೆನೋ ಈಗ ನೆನಪಿಲ್ಲ, ನೆನಪಿದ್ದರೂ ಅಚ್ಚಿಗೆ ಯೋಗ್ಯವಲ್ಲ. ಅಪ್ಪ ನನ್ನ ಕೈ ಹಿಡಿದು, "ನಡಿ, ಮನಿಗೆ ಹೋಗೂಣು" ಎಂದ.

ಮರುದಿನ ಮಷಿನ್ ಒಳಗೆ ಹೋಯಿತು. ಕಾಯ್ದೆ ಜಾರಿಗೆ ಬರುವ ಮೊದಲೇ ಒಳಗೆ ಕುಳಿತು ಅಭ್ಯಾಸ ಮಾಡಿಕೊಳ್ಳುತ್ತೇನೆ ಎಂದ ಅಪ್ಪ. ಒಳಗೆ ಬೆಳಕಿಲ್ಲ, ಸೂಜಿಗೆ ದಾರ ಪೋಣಿಸಲು ಬಾಗಿಲಿಗೆ ಬರಬೇಕು. ಬಂದ ಹೆಂಗಸರು ಖಾಲಿ ಕಟ್ಟೆ ನೋಡಿ, ಒಂದು ಗಳಿಗೆ ನಿಂತು, ಗಂಟನ್ನು ಹಾಗೇ ಹಿಡಿದುಕೊಂಡು ಹೊರಟುಹೋದರು. ಮೊದಲೇ ಕೊಟ್ಟಿದ್ದ ಅಳತೆಯ ಕುಬಸಗಳನ್ನು ಅಪ್ಪ ಮಡಿಚಿ ಮಡಿಚಿ ಒಂದು ಕಡೆ ಇಡುತ್ತಿದ್ದ, ಕೇಳಿದವರಿಗೆ ತಿರುಗಿ ಕೊಡಲು. ಅವನು ಮಾತಾಡುತ್ತಿರಲಿಲ್ಲ. ಅಪ್ಪ ಇಷ್ಟು ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆ ದಿನಗಳಲ್ಲಿ ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ನಾಲ್ಕೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ನಾನು ಕ್ಲಾಸಿಗೆ ಹೊರಟಿದ್ದೆ, ನಮ್ಮ ಮನೆಯ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕೈಯಲ್ಲಿ ಸುತ್ತಿದ ಖಣ, ಜೊತೆಗೆ ಅಳತೆಯ ಕುಬಸ. ಕಟ್ಟೆಯ ಮೇಲೆ ಯಾರೂ ಇಲ್ಲದ್ದನ್ನು ನೋಡಿ ಅತ್ತಿತ್ತ ನೋಡಿದಳು.

"ಟೇಲರ್ ಒಳಗ ಅದಾರ. ಒಳಗ ಬರ್ರಿ ಅಕ್ಕಾರ" ಎಂದಳು ಅವ್ವ.

ಆಕೆ ಒಂದು ಹೆಜ್ಜೆ ಎತ್ತಿದಳು, ತಿರುಗಿ ಇಟ್ಟಳು. "ಬ್ಯಾಡ್ರಿ, ಇಲ್ಲೇ ನಿಲ್ಲತೇನಿ" ಎಂದಳು. ಹಾಗೆ ಅಂದವಳು ತಾನೇ ನಕ್ಕಳು. "ಅರ್ಜಿಯೊಳಗ ಬರದದ್ದ ಖರೇ ಐತಿ ನೋಡ್ರಿ. ನನಗೂ ಒಳಗ ಬರಾಕ ಮನಸ ಆಗವಲ್ದು."

ಪುರಸಭೆಯ ಮುಖ್ಯಾಧಿಕಾರಿಗಳ ಹೆಂಡತಿ ಅವರು. ಆದದ್ದು ಇಷ್ಟು. ಅದು ಲಗ್ನದ ಹಂಗಾಮು. ಸಾಹೇಬರಿಗೆ ಬರುವ ಲಗ್ನಪತ್ರಿಕೆಗಳನ್ನೆಲ್ಲ ಸಿಪಾಯಿ ಕಟ್ಟು ಕಟ್ಟಿ ವಾರಕ್ಕೊಮ್ಮೆ ಅವರ ಮನೆಗೆ ಮುಟ್ಟಿಸುತ್ತಿದ್ದ. ಯಾವ ಲಗ್ನಕ್ಕೆ ಹೋಗಬೇಕು, ಯಾವುದಕ್ಕೆ ಬಿಡಬೇಕು ಎಂಬುದು ಹೆಂಡತಿಯ ಖಾತೆ. ಅರಿಸಿನ ಕುಂಕುಮ, ಎಲೆ ಅಡಿಕೆ ಸಮೇತ ಬಂದ ಅವ್ವನ ಲಕೋಟೆಯನ್ನು ಸಿಪಾಯಿ ಲಗ್ನಪತ್ರಿಕೆ ಎಂದು ಕಣ್ಣಿಗೊತ್ತಿಕೊಂಡು ಆ ಕಟ್ಟಿಗೆ ಸೇರಿಸಿದ್ದ. ನಮ್ಮ ಸೀಮೆಯ ಯಾವ ಮನುಷ್ಯನಾದರೂ ಹಾಗೇ ಮಾಡುತ್ತಿದ್ದ.

"ಮೊನ್ನೆ ಕಟ್ಟ ಬಿಚ್ಚಿ ವರನ ಹೆಸರ ಹುಡುಕಿದೆ, ವಧುವಿನ ಹೆಸರ ಹುಡುಕಿದೆ. ಓದಿಕೋತ ಹೋದ್ರ ಬರೇ ಕುಬಸ, ಕಟ್ಟಿ" ಎಂದರು ಅವರು. "ನಿನ್ನೆನ ಅವರ ಕೈಯಾಗ ಕೊಟ್ಟೇನ್ರಿ. ತಾರೀಖಿನ ಒಳಗ ಬಂದ ಅರ್ಜಿ, ನಮ್ಮ ಸಿಪಾಯಿ ಕೈಲೆ ತಪ್ಪೇತಿ ಅಂತ ನಂಬರ್ ಹಾಕ್ಯಾರ. ಶುಕ್ರವಾರದ ಸಭಾದಾಗ ಓದತಾರ."

ಅವ್ವ ನನ್ನ ಕಡೆ ತಿರುಗಿ, "ಬರೇ ಕಾಗದ ಕೊಟ್ಟಿದ್ರ ಇವರು ಬರತಿದ್ರೇನ?" ಎಂದು ಕೇಳಿದಳು. ಬರೇ ಕಾಗದ ಕೊಟ್ಟಿದ್ದರೆ ಇವರು ಬರುವ ಪ್ರಸಂಗವೇ ಇರುತ್ತಿರಲಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಒಳಗಿನಿಂದ ಕುಂಟುತ್ತ ಬಂದು ಕಟ್ಟೆಯ ಮೇಲೆ ಕುಳಿತು, "ಕೊಡ್ರಿ ಅಕ್ಕಾರ, ತೋಳು ಎಷ್ಟ ಉದ್ದ ಇಡಲಿ?" ಎಂದು ಕೈ ಚಾಚಿದ.

ಶುಕ್ರವಾರದ ಸಭೆಗೆ ಹೋದೆ. ಹೊಸ ನಿಯಮಾವಳಿ ಇನ್ನೂ ಜಾರಿಗೆ ಬಂದಿರಲಿಲ್ಲ, ಆದರೂ ಊರವರು ಕುಳಿತು ಕೇಳಲಿ ಎಂದು ಬಾಗಿಲ ಹತ್ತಿರ ಒಂದು ಬೆಂಚು ಹಾಕಿಸಿದ್ದರು. ಆ ಬೆಂಚಿನ ಮೇಲೆ ನಾನು ಒಬ್ಬಳೇ. ಮುಖ್ಯಾಧಿಕಾರಿಗಳು ನಮ್ಮ ಅರ್ಜಿ ಓದಿದರು. ಒಬ್ಬಿಬ್ಬರು ಸದಸ್ಯರು ನಕ್ಕರು. ದೊಡ್ಡ ಶಹರದಲ್ಲಿ ಹೀಗೆಲ್ಲ ಕಟ್ಟೆ ಬಿಡುವುದಿಲ್ಲ ಎಂದು ಒಬ್ಬರು ಹೇಳಿದರು. ಆಗ ಮೂಲೆಯ ಕುರ್ಚಿಯಿಂದ ಒಬ್ಬ ಸದಸ್ಯೆ ಎದ್ದು ನಿಂತರು. ಆರಿಸಿ ಬಂದಾಗಿನಿಂದ ಅವರು ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲವಂತೆ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಟೇಬಲ್ಲನ್ನೇ ನೋಡುತ್ತ ಮಾತಾಡಿದರು.

"ನಾನೂ ಆ ಕಟ್ಟಿ ಮುಂದ ನಿಂತಾಕೀನ. ನನ್ನ ಮೈಮ್ಯಾಲಿನ ಕುಬಸ ಅಲ್ಲೇ ಹೊಲಿಸಿದ್ದು. ಒಳಗ ಹೋಗಿ ಕೊಡ ಅಂದ್ರ ನಾ ಅಂತೂ ಹೋಗೂದಿಲ್ಲ. ನಿಮ್ಮ ನಿಮ್ಮ ಮನ್ಯಾಗ ಕೇಳಿ ಬರ್ರಿ, ಅವ್ರೂ ಹೋಗೂದಿಲ್ಲ. ಶಹರದ ಕಾಯ್ದಿ ಮಾಡಿದವ್ರು ಇದನ್ನ ಯಾರನ್ನ ಕೇಳ್ಯಾರ?"

ಅಷ್ಟು ಹೇಳಿ ಕುಳಿತುಬಿಟ್ಟರು. ನಗುತ್ತಿದ್ದವರು ಯಾರೂ ಆಮೇಲೆ ನಗಲಿಲ್ಲ. ಸ್ವಲ್ಪ ಹೊತ್ತು ಗುಸುಗುಸು ನಡೆದು, ಕಲಮು ತಿದ್ದಿದರು. ಮೊದಲಿನಿಂದ ಇದ್ದ ಕಟ್ಟೆ, ಗಟಾರದ ನೀರಿಗೆ ಅಡ್ಡಿಯಾಗದಿದ್ದರೆ, ಗೋಡೆಯಿಂದ ಮೂರು ಅಡಿಯವರೆಗೆ ಇರಬಹುದು. ಲಿಫ್ಟಿನ ಕಲಮು ಮಾತ್ರ ಯಾರೂ ಆಕ್ಷೇಪಿಸದ್ದರಿಂದ ಹಾಗೇ ಉಳಿಯಿತು.

ಮನೆಯವರೆಗೆ ನಡೆದೆನೋ ಓಡಿದೆನೋ ತಿಳಿಯದು. ಸುದ್ದಿ ಹೇಳುವಾಗ ನನಗೆ ಅಳು ಬಂತು. ಎದೆಯ ಮೇಲಿಂದ ಜೋಳದ ಚೀಲ ಇಳಿಸಿದಷ್ಟು ಹಗುರಾಯಿತು. ಅವ್ವ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದಳು. ಅಪ್ಪ ಸಕ್ಕರೆ ನುಂಗಿ, ಮಷಿನಿನ ಒಂದು ಕಡೆ ನನ್ನಿಂದ ಹಿಡಿಸಿ ಹೊರಗೆ ತಂದಿಟ್ಟ. ಆಮೇಲೆ ಅದರ ಡ್ರಾವರಿನಿಂದ ಟೇಪು ತೆಗೆದು, ಗೋಡೆಗೆ ಒಂದು ತುದಿ ಒತ್ತಿ ಹಿಡಿಯಲು ಹೇಳಿ, ಕಟ್ಟೆಯನ್ನು ಅಳೆದ.

"ಏಳು ಇಂಚ ಜಾಸ್ತಿ ಐತಿ" ಎಂದ. "ನಾಳೆ ಗೌಂಡಿಗೆ ಬಾ ಅಂತ ಹೇಳು. ಒಡಸೂಣು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟೆಲ್ಲ ಹೋರಾಡಿ ಉಳಿಸಿಕೊಂಡ ಕಟ್ಟೆಯನ್ನು ನಾವೇ ಒಡೆಯುವುದೇ, ಏಳು ಇಂಚನ್ನು ಅಳೆಯಲು ಯಾರು ಬರುತ್ತಾರೆ ಎಂದು ಕೂಗಾಡಿದೆ.

ಅಪ್ಪ ಟೇಪು ಸುತ್ತುತ್ತ ಹೇಳಿದ: "ಮೊದಲಿಂದು ಅವರ ಕಾಯ್ದೆ ಇತ್ತು ಯವ್ವಾ, ಅದಕ್ಕ ಅಂಜಿದೆ. ಈಗ ನಮ್ಮ ಅರ್ಜಿ ಓದಿ ತಿದ್ದ್ಯಾರ. ಇದು ನಾನೂ ಕೂಡಿ ಮಾಡಿದ ಕಾಯ್ದೆ. ನಾ ಮಾಡಿದ್ದನ್ನ ನಾನ ಮುರದ್ರ ಹೆಂಗ?"

ಚಪ್ಪಲಿ ಮೆಟ್ಟಿಕೊಂಡು ಗೌಂಡಿಯ ಮನೆಗೆ ಹೋಗಿ ಹೇಳಿ ಬಂದೆ. ಮರುದಿನ ಗೌಂಡಿ ಬಂದು ಕಟ್ಟೆಯ ಅಂಚು ಒಡೆದ. ಧೂಳು ಏಳುತ್ತಿತ್ತು. ಅಪ್ಪ ಮಷಿನನ್ನು ಗೋಡೆಯ ಕಡೆ ಸ್ವಲ್ಪ ಸರಿಸಿಕೊಂಡು ಮುಖ್ಯಾಧಿಕಾರಿಗಳ ಹೆಂಡತಿಯ ಕುಬಸಕ್ಕೆ ತೋಳು ಕೂಡಿಸುತ್ತಿದ್ದ, ರಸ್ತೆಯಲ್ಲಿ ಇಬ್ಬರು ಹೆಂಗಸರು ಗಂಟು ಹಿಡಿದು ಅವನ ಕೆಲಸ ಮುಗಿಯಲೆಂದು ಕಾಯುತ್ತಿದ್ದರು.