ಸ್ಲೇಟು ಹಿಡಿದ ಅತ್ತೆ ಸೊಸೆ

ಕೇಳದವರಿಗೂ ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಫೋಟೋ ತೆಗೆಸಿಕೊಳ್ಳಲು ಬಂದವರಿಗೆ ಗದ್ದ ಎತ್ತಿ, ಬೆನ್ನು ನೆಟ್ಟಗೆ ಮಾಡಿ ಎಂದು ಹೇಳಿ ಹೇಳಿ ಅಂಟಿಕೊಂಡ ಚಟ, ಸ್ಟುಡಿಯೋದ ಹೊರಗೆ ಬಂದರೂ ಬಿಡುವುದಿಲ್ಲ. "ನಿಮ್ಮ ಕ್ಯಾಮರಾಗಲ್ಲ, ಬಾಯಿಗೆ ಮೊದ್ಲು ಮುಚ್ಚಳ ಹಾಕಿ" ಎಂದು ನನ್ನ ಹೆಂಡತಿ ಈಗಲೂ ರೇಗಿಸುತ್ತಾಳೆ. ಅವಳ ಮಾತಿನಲ್ಲಿ ತಪ್ಪೇನಿಲ್ಲ. ನನ್ನ ಈ ಬಾಯಿಂದಲೇ ಒಬ್ಬಳಿಗೆ ಸಿಗಬೇಕಾಗಿದ್ದ ಮನೆ ತಪ್ಪಿಹೋಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಸ್ಟುಡಿಯೋ ಇದ್ದದ್ದು ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡು ಕಡೆಗೆ ತಿರುಗುವ ರಸ್ತೆಯಲ್ಲಿ. ಅಲ್ಲಿಂದ ಸ್ವಲ್ಪ ಮುಂದೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ. ಅದಕ್ಕೆ ಒತ್ತಿಕೊಂಡು, ಫುಟ್‌ಪಾತಿನ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿಕೊಂಡು ಒಂದಷ್ಟು ಜನ ಬಾಳುತ್ತಿದ್ದರು. ಅವರಿಗೆಲ್ಲ ಮನೆ ಕಟ್ಟಿಕೊಡುವ ಯೋಜನೆ ಬಂತು. ವಾರ್ಡ್ ಆಫೀಸಿನ ಸಾಹೇಬರೊಬ್ಬರು ನನ್ನನ್ನು ಕರೆಸಿದರು. ಪ್ರತಿ ಗುಡಾರದ ಮುಂದೆ ಅಲ್ಲಿಯ ಸಂಸಾರವನ್ನು ನಿಲ್ಲಿಸಿ, ಕೈಗೆ ನಂಬರ್ ಬರೆದ ಸ್ಲೇಟು ಕೊಟ್ಟು ಫೋಟೋ ತೆಗೆಯಬೇಕು. ಮನೆ ಎದ್ದ ಮೇಲೆ ಬೇರೆ ಯಾರೋ ಬಂದು ಸೇರಿಕೊಳ್ಳಬಾರದಲ್ಲ, ಅದಕ್ಕೆ ಆ ಫೋಟೋನೇ ಸಾಕ್ಷಿ.

"ಒಂಟಿಯಾಗಿರೋರದ್ದು ಬೇಡ. ಸಂಸಾರ ಇರೋರದ್ದು ಮಾತ್ರ ತೆಗೀರಿ" ಎಂದರು ಸಾಹೇಬರು. ನಾನು ತಲೆಯಾಡಿಸಿದೆ. ಯಾಕೆ ಎಂದು ಕೇಳಲಿಲ್ಲ. ಕೇಳಬೇಕಾದ ಕಡೆ ನನ್ನ ಬಾಯಿ ಏಳುವುದಿಲ್ಲ.

ಸಾಲಿನ ಕೊನೆಯಲ್ಲಿ ಅಕ್ಕಪಕ್ಕ ಎರಡು ಗುಡಾರ. ಒಂದರಲ್ಲಿ ಸೊಪ್ಪು ಮಾರುವ ಅಜ್ಜಿ, ಹಿಂದೆ ಮುಂದೆ ಯಾರೂ ಇಲ್ಲ. ಇನ್ನೊಂದರಲ್ಲಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು, ವಯಸ್ಸು ಮೂವತ್ತರ ಆಸುಪಾಸು. ಗಂಡ ಬಿಟ್ಟುಹೋಗಿದ್ದ, ಮಕ್ಕಳಿರಲಿಲ್ಲ. ಇವಳು ಸಾಕಿದ್ದ ಕೋಳಿ ಅಜ್ಜಿಯ ಸೊಪ್ಪಿನ ಕಟ್ಟಿಗೆ ಬಾಯಿ ಹಾಕಿತ್ತಂತೆ. ಅವತ್ತಿನಿಂದ ಇಬ್ಬರ ನಡುವೆ ಬೈಗುಳ ಬಿಟ್ಟು ಬೇರೆ ಮಾತಿರಲಿಲ್ಲ. ಎಲ್ಲರ ಕೈಗೂ ಸ್ಲೇಟು ಬಂದು ತಮಗೆ ಬಾರದ್ದನ್ನು ನೋಡಿ ಇಬ್ಬರೂ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು.

"ನಮಗಿಲ್ವೇನಪ್ಪಾ?" ಎಂದಳು ಅಜ್ಜಿ.

ಅಯ್ಯೋ ಪಾಪ ಅನ್ನಿಸಿತು. ಸಾಹೇಬರು ಆಚೆ ತುದಿಯಲ್ಲಿ ಪಟ್ಟಿ ಬರೆಯುತ್ತಿದ್ದರು. ನಾನು ದನಿ ತಗ್ಗಿಸಿ ನನ್ನ ಜಾಣತನ ತೋರಿಸಿದೆ. "ಒಂಟಿ ಜನಕ್ಕೆ ಮನೆ ಇಲ್ಲ ಅಜ್ಜಿ. ಇಬ್ರೂ ಒಂದೇ ಗುಡಾರದ ಮುಂದೆ ನಿಂತ್ಕೊಳ್ಳಿ. ಅತ್ತೆ ಸೊಸೆ ಅಂತ ಬರೆಸಿ. ಜಗಳ ಆಡಿದ್ರೂ ಯಾರಿಗೂ ಅನುಮಾನ ಬರಲ್ಲ."

"ಇವಳ ಜೊತೇಲಾ?" ಎಂದು ಇಬ್ಬರೂ ಒಟ್ಟಿಗೇ ಅಂದರು. ಆದರೆ ಮನೆ ಅಂದರೆ ಮನೆ. ಬಂದು ನಿಂತರು. ನಡುವೆ ಒಂದು ಎಮ್ಮೆ ದಾಟುವಷ್ಟು ಜಾಗ! ಅಜ್ಜಿಯ ಮುಖ ಆ ಕಡೆ, ಇವಳ ಮುಖ ಈ ಕಡೆ. ಅದು ಎಂಥ ಫೋಟೋ ಆದೀತು? ನನಗೆ ರೇಗಿತು.

"ಹತ್ರ ಬನ್ನಿ. ಏನಮ್ಮಾ, ಅತ್ತೆ ಭುಜದ ಮೇಲೆ ಕೈ ಇಡು."

ಕಾದ ಹೆಂಚು ಮುಟ್ಟುವವಳ ಹಾಗೆ ಅವಳು ಕೈ ಇಟ್ಟಳು. ನಾನು ಕೊಟ್ಟ ಸ್ಲೇಟನ್ನು ಅಜ್ಜಿ ಎದೆಗೆ ಅವುಚಿಕೊಂಡಳು. ನಾನು ಕ್ಲಿಕ್ ಮಾಡಿದೆ. ಸಾಹೇಬರು ಬಂದು ಅತ್ತೆ, ಸೊಸೆ ಎಂದು ಬರೆದುಕೊಂಡು ಹೋದರು. ಏನೋ ದೊಡ್ಡ ಪುಣ್ಯದ ಕೆಲಸ ಮಾಡಿದೆನೆಂದು ಬೀಗುತ್ತಾ ಮನೆಗೆ ಬಂದೆ.

ಮುಂದಿನ ವಾರ ಸಾಹೇಬರು ಮತ್ತೆ ಕರೆಸಿದರು. "ಇವತ್ತು ಒಂಟಿಯಾಗಿರೋರದ್ದು ತೆಗೀಬೇಕು. ಅವರದ್ದು ಬೇರೆ ಪಟ್ಟಿ. ಅವರಿಗೂ ಒಂದೊಂದು ಮನೆ."

ಎರಡು ಮನೆ ಬರಬೇಕಾದ ಕಡೆ ನನ್ನ ಜಾಣತನ ಒಂದೇ ಮನೆ ಮಾಡಿಟ್ಟಿತ್ತು. ಆ ಸಾಲಿನಲ್ಲಿ ಒಂಟಿಯಾಗಿದ್ದವರು ಇನ್ನೂ ನಾಲ್ಕೈದು ಜನ ಇದ್ದರು. ಕಣ್ಣು ಕಾಣದ ಒಬ್ಬ ತಾತನ ಕೈಗೂ ಸ್ಲೇಟು ಕೊಟ್ಟು ನಿಲ್ಲಿಸಿದೆ. ಸಾಹೇಬರಿಗೆ ನಿಜ ಹೇಳಬಹುದಿತ್ತು. ಆಗ ಅವರಿಬ್ಬರ ಹೆಸರು ಪಟ್ಟಿಯಿಂದಲೇ ಹಾರಿಹೋದರೆ ಏನು ಗತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಿದ್ದದ್ದು ನನ್ನ ಬಗ್ಗೆ. ಸುಳ್ಳು ಹೇಳಿಕೊಟ್ಟವನು ನಾನು ತಾನೇ? ಕ್ಯಾಮರಾದಿಂದ ಕಣ್ಣು ತೆಗೆಯದೆ ಕೆಲಸ ಮುಗಿಸಿ ಬಂದುಬಿಟ್ಟೆ.

ಆಮೇಲೆ ಅವರನ್ನೆಲ್ಲ ತಗಡಿನ ಶೆಡ್ಡುಗಳಿಗೆ ಕಳಿಸಿದರು. ದಿನ ಬಿಟ್ಟು ದಿನ ನೀರಿನ ಟ್ಯಾಂಕರ್ ಬರುತ್ತಿತ್ತು. ಮೂರ್ನಾಲ್ಕು ವರ್ಷಕ್ಕೆ, ಗಿರಿನಗರದಿಂದ ಆಚೆಗೆ, ಮೂರು ಮಹಡಿಯ ಕಟ್ಟಡ ಎದ್ದಿತು. ಮನೆಗೊಂದು ರೂಮು, ಒಂದು ಅಡುಗೆಮನೆ. ಬೀಗದ ಕೈ ಕೊಟ್ಟ ಮಾರನೇ ದಿನ ಅಜ್ಜಿ ಸ್ಟುಡಿಯೋಗೇ ಬಂದು, "ಹಾಲು ಉಕ್ಕಿಸ್ತಾ ಇದೀವಿ, ಬಾರಪ್ಪಾ" ಎಂದು ಕರೆದಳು. ಹೋಗಲು ಮನಸ್ಸಿರಲಿಲ್ಲ. ಹೋಗದಿರಲು ಮುಖವೂ ಇರಲಿಲ್ಲ.

ಮೂರನೇ ಮಹಡಿ. ಒಳಗೆ ಕಾಲಿಟ್ಟರೆ ರೂಮಿನ ನಡುವೆ ಗೋಡೆಯಿಂದ ಗೋಡೆಗೆ ಸೀಮೆಸುಣ್ಣದ ಗೆರೆ! ಆ ಕಡೆ ಅಜ್ಜಿಯ ಚಾಪೆ, ಈ ಕಡೆ ಇವಳ ಟ್ರಂಕು. ಎರಡು ಸೀಮೆಎಣ್ಣೆ ಸ್ಟೌವಿನ ಮೇಲೆ ಎರಡು ಪಾತ್ರೆಯಲ್ಲಿ ಬೇರೆ ಬೇರೆ ಹಾಲು ಉಕ್ಕಿತು. ಇಬ್ಬರೂ ಒಂದೊಂದು ಲೋಟ ತಂದು ನನ್ನ ಮುಂದೆ ಹಿಡಿದರು. ಯಾರದ್ದನ್ನು ಬಿಟ್ಟರೂ ಕಷ್ಟ. ಎರಡನ್ನೂ ಗಟಗಟ ಕುಡಿದು ಮೆಟ್ಟಿಲಿಳಿದೆ. ಆ ಗೆರೆ ಎಳೆದವನು ನಾನೇ ಅನ್ನಿಸಿತು. ಆಮೇಲೆ ಆ ಕಟ್ಟಡದ ಮುಂದೆ ಹೋಗುವುದನ್ನೇ ಬಿಟ್ಟೆ.

ಏಳೆಂಟು ವರ್ಷ ಕಳೆಯಿತು. ರೀಲಿನ ಕಾಲ ಮುಗಿದು ಸ್ಟುಡಿಯೋಗೆ ಕಂಪ್ಯೂಟರ್ ಬಂತು. ಒಂದು ಬೆಳಿಗ್ಗೆ ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

"ಅಜ್ಜಿ ಹೋಗ್ಬಿಟ್ಳು ಅಣ್ಣ. ತಿಥಿಗೆ ಫೋಟೋ ಬೇಕು. ಅವಳದ್ದು ಅದೊಂದೇ ಇರೋದು, ಸ್ಲೇಟು ಹಿಡ್ಕೊಂಡಿದ್ದು."

ಹಳೆಯ ನೆಗೆಟಿವ್‌ಗಳನ್ನು ನಾನು ಎಸೆದವನಲ್ಲ. ಹುಡುಕಿ ಕಂಪ್ಯೂಟರಿಗೆ ಹಾಕಿದೆ. ಇವಳನ್ನು ಬಿಟ್ಟು ಅಜ್ಜಿಯನ್ನು ಮಾತ್ರ ಉಳಿಸಿಕೊಂಡೆ, ಕೆಳಗೆ ಸ್ಲೇಟನ್ನೂ ಕತ್ತರಿಸಿದೆ. ಆದರೆ ಭುಜದ ಮೇಲೆ ಇವಳ ಕೈ ಉಳಿದುಕೊಂಡಿತ್ತು, ಎರಡು ಹಸಿರು ಬಳೆಗಳ ಸಮೇತ. ಆ ಕೈ ನೋಡಿದ್ದೇ ತಡ, ಇಷ್ಟು ವರ್ಷ ಒಳಗೆ ಕೂತಿದ್ದದ್ದು ತಡೆಯಲಾರದೆ ಹೊರಗೆ ಬಂತು.

"ನನ್ನಿಂದ ತಪ್ಪಾಯ್ತಮ್ಮ. ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನಿನಗೂ ಒಂದು ಮನೆ ಬರ್ತಿತ್ತು."

"ಗೊತ್ತು ಅಣ್ಣ. ನೀವು ಆ ಕಣ್ಣು ಕಾಣದ ತಾತನ ಫೋಟೋ ತೆಗೀವಾಗ ನಾವಿಬ್ರೂ ನಿಮ್ಮ ಹಿಂದೇನೇ ನಿಂತಿದ್ವಲ್ಲ" ಎಂದಳು. "ನಿಮಗೆ ಎಷ್ಟು ಶಾಪ ಹಾಕಿದೀನೋ ಲೆಕ್ಕ ಇಲ್ಲ."

ನಾನು ತಲೆ ತಗ್ಗಿಸಿದೆ.

"ಆದ್ರೆ ನೀವೊಬ್ರೇ ಅಲ್ಲ ಬಿಡಿ. ಬೀಗದ ಕೈ ಕೊಡೋ ದಿನ ಸಾಹೇಬ್ರಿಗೆ ನಮ್ಮನ್ನ ನೋಡಿ ಏನನ್ನಿಸ್ತೋ. 'ನಿಜವಾಗ್ಲೂ ಅತ್ತೆ ಸೊಸೇನಾ? ಅಲ್ದಿದ್ರೆ ಹೆದರದೆ ಹೇಳಿ, ಇನ್ನೊಂದು ಮನೆ ಖಾಲಿ ಇದೆ, ಕೊಡ್ಸ್ತೀನಿ' ಅಂದ್ರು. ನಾನು ಬಾಯಿ ತೆಗೆಯೋಷ್ಟ್ರಲ್ಲಿ ಮುದುಕಿ ಅಡ್ಡ ಬಂದ್ಬಿಟ್ಳು. 'ನನ್ನ ಸೊಸೇನೇ ಕಣಪ್ಪಾ' ಅಂದ್ಳು. ಆಮೇಲೆ ನಾನು ಅಲ್ಲ ಅಂದಿದ್ರೆ ಇದ್ದ ಒಂದು ಮನೇನೂ ಹೋಗ್ತಿತ್ತು. ಆ ಸಿಟ್ಟಿಗೇ ಅಣ್ಣ ನಾನು ಗೆರೆ ಎಳೆದಿದ್ದು."

ನಾನು ಸ್ಟೂಲು ಎಳೆದು ಅವಳನ್ನು ಕೂರಿಸಿದೆ.

"ಯಾಕೆ ಹಂಗಂದೆ ಅಂತ ಇಷ್ಟು ವರ್ಷ ಕೇಳಿದ್ರೂ ಬಾಯಿ ಬಿಟ್ಟಿರ್ಲಿಲ್ಲ. ಹೋದ ತಿಂಗ್ಳು ಹಾಸಿಗೆ ಹಿಡಿದಾಗ ಹೇಳಿದ್ಳು. 'ಅಷ್ಟು ಎತ್ತರದಲ್ಲಿ ನಾನೊಬ್ಳೇ ಸತ್ತು ಬಿದ್ದಿದ್ರೆ ಯಾರು ಬರ್ತಿದ್ರು? ನೀನಾದ್ರೆ ಜಗಳಕ್ಕಾದ್ರೂ ಬರ್ತೀಯಲ್ಲ' ಅಂತ."

ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಜಗಳ ಆಡೋಕೂ ಯಾರೂ ಇಲ್ಲ."

ನನ್ನ ಕಣ್ಣೂ ಒದ್ದೆಯಾಗಿತ್ತು. ಕೊನೆಗೆ ಕೆಲಸದ ಮಾತಿಗೆ ಬಂದೆ. "ಕೈ ತೆಗೆದುಬಿಡ್ತೀನಮ್ಮ. ಇದ್ದದ್ದೇ ಗೊತ್ತಾಗಲ್ಲ. ಹಾರ ಹಾಕೋ ಫೋಟೋದಲ್ಲಿ ಬದುಕಿರೋರ ಕೈ ಇರಬಾರದು."

ಅವಳು ಎದ್ದು ಬಂದು ಕಂಪ್ಯೂಟರಿಗೆ ಮುಖ ಹತ್ತಿರ ತಂದು ನೋಡಿದಳು. ಒಂದು ಕಾಲದಲ್ಲಿ ಬೇಡದ ಮನಸ್ಸಿನಿಂದ ಇಟ್ಟಿದ್ದ ಆ ಕೈಯನ್ನು ಬಹಳ ಹೊತ್ತು ನೋಡಿದಳು.

"ಇರ್ಲಿ ಅಣ್ಣ. ಆ ಕೈ ಮುಚ್ಚದ ಹಾಗೆ ಈಚೆಯಿಂದ ಹಾರ ಹಾಕ್ತೀನಿ."

ಅದು ಶಾಸ್ತ್ರ ಅಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ. ಕೈ ಇದ್ದ ಹಾಗೇ ಪ್ರಿಂಟ್ ತೆಗೆದು, ಫ್ರೇಮ್ ಹಾಕಿಕೊಟ್ಟೆ.